ಪ್ಲಾಸ್ಟಿಕ್ಕಿನೊಳಗಿನ ಸುದ್ದಿ

ಲ್ಯಾಮಿನೇಷನ್ ಯಂತ್ರದಿಂದ ಹೊರಬರುವ ಬಿಸಿ ಪ್ಲಾಸ್ಟಿಕ್ಕಿಗೆ ಒಂದು ವಾಸನೆಯಿದೆ, ನಿಮಗೂ ಗೊತ್ತಿರುತ್ತದೆ. ಮೊನ್ನೆ ಆಂಟಾಪ್ ಹಿಲ್‌ನ ಝೆರಾಕ್ಸ್ ಅಂಗಡಿಯಲ್ಲಿ ಯಾರದೋ ಆಧಾರ್ ಕಾರ್ಡು ಹಾಗೆ ಹೊರಬಂತು. ನೀಲವ್ವನ ಕಾಗದಗಳನ್ನು ಹಿಡಿದು ಸರದಿಯಲ್ಲಿದ್ದ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಈ ಮುದುಕನಿಗೆ ತಲೆ ತಿರುಗಿತೆಂದು ಯಾರೋ ಸ್ಟೂಲು ಕೊಟ್ಟರು.

ನೀಲವ್ವ ನಮ್ಮ ಚಾಳಿನ ಕೊನೆಯ ಖೋಲಿಯವಳು, ವಿಜಯಪುರದ ಕಡೆಯವಳು. ಗಂಡನಿಲ್ಲ. ಸೀರೆಗೆ ಫಾಲ್ ಹಚ್ಚುವುದು, ಬ್ಲೌಸ್ ಹೊಲಿಯುವುದು ಅವಳ ಕಸುಬು. ಹೊರಗೆ ದುಡಿಯಲು ಹೋಗುವಂತಿಲ್ಲ. ಮಗಳು ಪೂಜಾಗೆ ಹುಟ್ಟಿದಾಗಿನಿಂದ ಕೈಕಾಲುಗಳ ಮೇಲೆ ಹಿಡಿತವಿಲ್ಲ, ಮಾತೂ ಬರುವುದಿಲ್ಲ. ಮಗುವಿಗೆಂದು ಸರಕಾರದ ಸಹಾಯಧನ ತಿಂಗಳು ತಿಂಗಳು ಬರುತ್ತಿತ್ತು. ಅದು ವಾರಕ್ಕೆರಡು ಸಲ ದಾದರಿಗೆ ಹೋಗುವ ಟ್ಯಾಕ್ಸಿಗೆ ಆಗುತ್ತಿತ್ತು. ಅಲ್ಲಿ ಒಬ್ಬ ಡಾಕ್ಟರಮ್ಮ ಪೂಜಾಳ ಮೊಣಕಾಲು ಮಡಿಚಿಕೊಂಡೇ ಉಳಿಯದಂತೆ ವ್ಯಾಯಾಮ ಮಾಡಿಸುತ್ತಿದ್ದರು. ಕಂಕುಳಲ್ಲಿ ಎತ್ತಿಕೊಂಡು ಲೋಕಲ್ ರೈಲು ಹತ್ತುವ ವಯಸ್ಸನ್ನು ಏಳು ವರ್ಷದ ಮಗು ಆಗಲೇ ದಾಟಿತ್ತು.

ನಾನಾಗ ಇಲ್ಲಿಯ ಒಂದು ಕನ್ನಡ ಪತ್ರಿಕೆಯ ವರದಿಗಾರ. ಹೆಸರು, ವಯಸ್ಸು, ಊರು ಎರಡೆರಡು ಸಲ ಕೇಳಿ ಬರೆಯುವವನೆಂದು ನನ್ನ ಬಗ್ಗೆ ನನಗೇ ಅಭಿಮಾನ. ಸಾವಿನ ಮನೆಯಲ್ಲೂ ಇನಿಷಿಯಲ್ ಸರಿಯೇ ಎಂದು ಕೇಳಿ ಬೈಸಿಕೊಂಡದ್ದಿದೆ. ಭಾನುವಾರದ ಪುರವಣಿಗೆ ನೀಲವ್ವನ ಬಗ್ಗೆ ಬರೆದೆ. ಫೋಟೋವನ್ನೂ ನಾನೇ ತೆಗೆದೆ: ಹೊಲಿಗೆ ಯಂತ್ರದ ಮುಂದೆ ತಾಯಿ, ಪಕ್ಕದ ಕುರ್ಚಿಯಲ್ಲಿ ಮಗಳು. ಸಹಾಯಧನದ ವಿಷಯವನ್ನು ಅವಳು ಹೇಳಿದ್ದಳು. ನನ್ನ ಟಿಪ್ಪಣಿ ಪುಸ್ತಕದಲ್ಲೂ ಇತ್ತು. ಆದರೆ ಕೊನೆಗೆ ಒಂದು ವಾಕ್ಯ ಹೊಳೆದಿತ್ತು: ‘ಯಾರ ಮುಂದೆಯೂ ಕೈ ಚಾಚದೆ ಈ ತಾಯಿ ಮಗಳನ್ನು ಸಾಕುತ್ತಿದ್ದಾಳೆ.’ ಸಹಾಯಧನವನ್ನು ಸೇರಿಸಿದರೆ ಆ ವಾಕ್ಯ ನಿಲ್ಲುತ್ತಿರಲಿಲ್ಲ. ಸೇರಿಸಲಿಲ್ಲ.

ನೀಲವ್ವ ಅದನ್ನು ಕತ್ತರಿಸಿ ಲ್ಯಾಮಿನೇಷನ್ ಹಾಕಿಸಿ, ಬಿಸಿ ಆರುವ ಮೊದಲೇ ತಂದು ನನ್ನ ಕೈಗಿತ್ತು ತೋರಿಸಿದಳು. ಆ ವಾಸನೆ ಅಂದಿನದು.

ಸಹಾಯಧನ ಪಡೆಯುವವರಲ್ಲಿ ಸಂಬಳದ ಚೀಟಿಯಿಲ್ಲದವರು ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ತಮ್ಮ ಆದಾಯ ಇಷ್ಟೇ ಎಂದು ತೋರಿಸಬೇಕು. ನೌಕರಿಯವರಿಗೆ ಮಾಲೀಕ ಬರೆದುಕೊಡುತ್ತಾನೆ. ಸ್ವಂತ ಹೊಲಿಗೆಯವಳಿಗೆ ಬರೆದುಕೊಡುವವರು ಯಾರು? ಗುಮಾಸ್ತ ಪ್ರತಿ ಸಲವೂ ಪುರಾವೆ ಕೇಳುತ್ತಿದ್ದ. ಆ ವರ್ಷ ಅವಳು ನನ್ನ ವರದಿಯನ್ನೇ ಮುಂದಿಟ್ಟಳು. ಮನೆಯಲ್ಲೇ ಹೊಲಿಯುತ್ತಾಳೆ, ಮಗಳು ಹೀಗಿದ್ದಾಳೆ, ಎಲ್ಲ ಅಚ್ಚಾಗಿದೆಯಲ್ಲ. ಕನ್ನಡ ಬಾರದ ಗುಮಾಸ್ತ ಏನು ಬರೆದಿದೆಯೆಂದು ಕೇಳಿದ. ಅವಳು ಮರಾಠಿಯಲ್ಲಿ ಹೇಳುತ್ತ ಹೋದಳು, ಕೊನೆಯ ವಾಕ್ಯದವರೆಗೂ. ಹಾಗಾದರೆ ಸಹಾಯವಿಲ್ಲದೆಯೂ ಸಾಗುವಷ್ಟು ಆದಾಯವಿದೆ ಎಂದು ಅವನು ಫೈಲಿನಲ್ಲಿ ಬರೆದುಕೊಂಡ. ವಿಚಾರಣೆ ಮುಗಿಯುವ ತನಕ ಸಹಾಯಧನ ನಿಂತಿತು.

"ಒಂದಕ್ಷರ ಬಿಡಲಾರದ ಹೇಳೇನ್ರಿ, ಅಣ್ಣಾರ," ಎಂದಳು ನನ್ನ ಬಾಗಿಲಲ್ಲಿ ನಿಂತು. "ನೀವು ಬರದದ್ದು ಖೊಟ್ಟಿ ಹ್ಯಾಂಗ ಆಗತೈತಿ ಅಂತ."

ತಿದ್ದುಪಡಿ ಹಾಕಿಸುತ್ತೇನೆಂದೆ.

"ಏನಂತ ಹಾಕಸ್ತೀರಿ? ನೀಲವ್ವ ಕೈ ಚಾಚತಾಳ ಅಂತನ? ಊರಾಗ ನಮ್ಮವ್ವ ಆ ಪೇಪರ್ ದೇವರ ಜಗಲಿ ಮ್ಯಾಲ ಇಟ್ಟಾಳ್ರಿ. ಬ್ಯಾಡ."

ಹಾಕಿಸಲಿಲ್ಲ. ಸಹಾಯಧನದ ಕಚೇರಿಗೆ ಹೋಗಿ ತಪ್ಪು ನನ್ನದೆಂದು ಬರೆದುಕೊಟ್ಟೆ; ಅದರ ಮೇಲೊಂದು ಮೊಹರು ಬಿತ್ತು, ಅಷ್ಟೆ. ಟ್ಯಾಕ್ಸಿಯ ಖರ್ಚು ಕೊಡಲು ಹೋದಾಗ ಅವಳು ನಕ್ಕಳು. "ಯಾರ ಮುಂದೂ ಕೈ ಚಾಚಂಗಿಲ್ಲ ಅಂತ ನೀವ ಬರದೀರಲ್ರಿ."

ವಿಚಾರಣೆಗೆ ಹದಿನಾಲ್ಕು ತಿಂಗಳು ಹಿಡಿಯಿತು. ದಾದರಿಗೆ ಹೋಗುವುದು ನಿಂತಿತು. ಒಂದು ಬ್ಲೌಸಿಗೂ ಇನ್ನೊಂದಕ್ಕೂ ನಡುವೆ ಅವಳೇ ಮಗಳ ಕಾಲೆಳೆದು ವ್ಯಾಯಾಮ ಮಾಡಿಸುತ್ತಿದ್ದಳು. ದೀಪಾವಳಿಯ ಹೊಲಿಗೆ ಬಂದಾಗ ಅದೂ ತಪ್ಪುತ್ತಿತ್ತು. ಸಹಾಯಧನ ಮತ್ತೆ ಶುರುವಾದ ವಾರ ದಾದರಿಗೆ ಅವರೊಂದಿಗೆ ನಾನೂ ಹೋಗಿದ್ದೆ. ಡಾಕ್ಟರಮ್ಮ ಎರಡೂ ಮೊಣಕಾಲು ಹಿಡಿದು ನೋಡಿದರು. ಇನ್ನು ಇವು ನೇರವಾಗುವುದಿಲ್ಲ ಎಂದರು.

ಅಂದಿನಿಂದ ಪ್ರತಿ ವರ್ಷದ ಅರ್ಜಿ ನಾನೇ ಬರೆಯುತ್ತೇನೆ. ಮೊನ್ನೆ ಝೆರಾಕ್ಸ್ ಪ್ರತಿಗಳನ್ನು ಒಯ್ದಾಗ ನೀಲವ್ವ ಎಂದಿನಂತೆ ಯಂತ್ರ ನಿಲ್ಲಿಸಿ, ಓದಿ ಹೇಳಿರಿ ಎಂದಳು. ಓದಿದೆ. ಹೊಲಿಗೆಯಿಂದ ಬರುವುದು, ಸರಕಾರದಿಂದ ಬರುವುದು, ಎರಡೂ ಇದ್ದವು. ಹೊಗಳಿಕೆ ಎಲ್ಲೂ ಇರಲಿಲ್ಲ.

ಪೂಜಾಗೆ ಈಗ ಹದಿನಾರು. ನಾನು ಹೋದಾಗಲೆಲ್ಲ ಗದ್ದ ಎತ್ತಿ ಗೋಡೆಯ ಮೇಲಿನ ಆ ಪತ್ರಿಕೆಯ ತುಣುಕನ್ನು ತೋರಿಸುತ್ತಾಳೆ, ಅದರಲ್ಲಿ ಅವಳಿದ್ದಾಳಲ್ಲ. ನಾನು ಹೂಂಗುಟ್ಟಿ ಬೇರೆ ಕಡೆ ನೋಡುತ್ತಿದ್ದೆ. ಈ ಸಲ ಎದ್ದು ಹತ್ತಿರ ಹೋಗಿ ನೋಡಿದೆ. ಪ್ಲಾಸ್ಟಿಕ್ ಹಳದಿಯಾಗಿದೆ, ಅಕ್ಷರಗಳು ಮಾಸಿವೆ. ಫೋಟೋ ಮಾತ್ರ ಸ್ಪಷ್ಟವಾಗಿದೆ. ಕುರ್ಚಿಯಲ್ಲಿ ಕೂತ ಹುಡುಗಿಯ ಎರಡು ಕಾಲೂ ಮುಂದಕ್ಕೆ ನೇರವಾಗಿವೆ.