‘ಉಂಡೇವ್ರಿ’ ಎಂದ ನೀಲಮ್ಮ

ಹಿಟ್ಟಿಲ್ಲದ ದಿನವೂ ನೀಲಮ್ಮನ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಸಗರದ ಶಾಲೆಯಲ್ಲಿ ನಾನು ಶಿಕ್ಷಕಿಯಾಗಿದ್ದಾಗ ನನ್ನ ಬಾಡಿಗೆ ಕೋಣೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಒಂದು ಸಂಜೆ ಕಡ್ಡಿಪೆಟ್ಟಿಗೆ ಕೇಳಲು ಹೋದೆ. ಒಲೆ ತಣ್ಣಗಿತ್ತು. ನೀಲಮ್ಮ ಬರಿಯ ಕಲ್ಲಿನ ಮೇಲೆ ಅಂಗೈ ಬಡಿಯುತ್ತ ಕೂತಿದ್ದಳು.

“ಮಂದಿ ಕಿವಿನೂ ಹಸದಿರ್ತಾವ್ರಿ ಅಕ್ಕೋರ. ಅವಕ್ಕ ಇಷ್ಟ ಹಾಕಿದ್ರ ಸುಮ್ಕ ಮಲಗತಾವ,” ಎಂದಳು. ನಗಲಿಲ್ಲ. ಅಂದಿನಿಂದ ಆ ಸಪ್ಪಳ ಕೇಳಿದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಶಿರವಾಳದ ಕಡೆಯ ಹೊಲಗಳಿಗೆ ಹತ್ತಿ ಬಿಡಿಸಲು ಹೋಗುವ ಹೆಂಗಸು. ಜೊತೆಗೆ ತಾಯಿಯಿಲ್ಲದ ಮೊಮ್ಮಗಳು ಗಂಗಿ. ರೇಷನ್ ಪಟ್ಟಿಯಿಂದ ಇಬ್ಬರ ಹೆಸರೂ ಎಂದೋ ಬಿಟ್ಟುಹೋಗಿತ್ತು. ಆದರೂ ಬಾಗಿಲಿಗೆ ಯಾರೇ ಬರಲಿ, ಈಗಷ್ಟೇ ಉಂಡವಳಂತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಲೇ ಹೊರಬರುವಳು. ಅಂಥ ಹಟಮಾರಿ. ನನಗೆ ಸಿಟ್ಟೂ ಬರುತ್ತಿತ್ತು, ಮರುಕವೂ.

ಆ ಬೇಸಿಗೆ ಶಾಲೆಗೆ ರಜೆ ಬಿದ್ದು ಮಕ್ಕಳ ಬಿಸಿಯೂಟ ನಿಂತಿತ್ತು. ಊಟ ದಾನವಲ್ಲ, ಮನುಷ್ಯನ ಹಕ್ಕು ಎನ್ನುವ ನಾಲ್ಕಾರು ದೇಶಗಳು ಕೂಡಿ ಕಳಿಸಿದ ತಂಡವೊಂದು ಆಗ ಬಂತು. ಹಸಿವಿರುವ ಓಣಿಗಳಲ್ಲಿ ಅಡುಗೆಮನೆ ತೆರೆಯುವುದು ಅವರ ಕೆಲಸ. ಇಂಗ್ಲಿಷಿನಲ್ಲಿ ಮಾತು ತಿಳಿಸಿಕೊಡಲು ನನ್ನನ್ನು ಕರೆದರು. “ಹಸಿದು ಮಲಗಿದ್ದುಂಟೇ?” ಎಂದು ಮನೆಮನೆಯಲ್ಲಿ ಕೇಳಿದರು. ಎಲ್ಲರದೂ ಒಂದೇ ಉತ್ತರ: “ಇಲ್ರಿ, ಹೊಟ್ಟಿ ತುಂಬ ಉಂಡೇವ್ರಿ.” ನೀಲಮ್ಮನಂತೂ ನನ್ನನ್ನು ಹಿತ್ತಲಿಗೆ ಕರೆದು ನನ್ನಲ್ಲೇ ಹಿಟ್ಟು ಇಸಿದುಕೊಂಡು, ಅವರಿಗೆ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿದಳು. ತಂಡದ ಹಿರಿಯ ಹೆಂಗಸು ಸಂತೋಷದಿಂದ ಉಂಡು, ಈ ಓಣಿಗೆ ನಮ್ಮ ಅಗತ್ಯವಿಲ್ಲ ಎಂದಳು. ಇವರು ಸುಳ್ಳು ಹೇಳುತ್ತಿದ್ದಾರೆ ಎಂದೆ. “ಅವರ ಬಾಯಿಂದಲೇ ಕೇಳಬೇಕು. ನಾಳೆ ಭೀಮರಾಯನಗುಡಿಯಲ್ಲಿ ಕೊನೆಯ ಸಭೆ, ಅಲ್ಲಿ ಬಂದು ಹೇಳಲಿ,” ಎಂದಳು.

ನೀಲಮ್ಮನ ಮೇಲೆ ರೇಗಿದೆ. “ಅದು ನಿಮ್ಮ ಹಕ್ಕಬೇ ಯವ್ವಾ.”

“ಮನಿಗಿ ಬಂದೋರ ಮುಂದ ಹೊಟ್ಟಿ ತೋರಸಂಗಿಲ್ರಿ. ಹಕ್ಕ ಕೇಳಾಕ ಹೋಗೋರು ಮರ್ಯಾದಿ ಮನ್ಯಾಗ ಇಟ್ಟ ಹೋಗಬೇಕೇನು?”

ಮರುದಿನ ಸಭೆಗೆ ಬಾ ಎಂದು ನಾನು ಮತ್ತೆ ಕರೆಯುತ್ತಿರುವಾಗಲೇ ಅಂಗಳದಲ್ಲಿ ಆಡುತ್ತಿದ್ದ ಗಂಗಿ ಕಣ್ಣು ಕತ್ತಲಿಟ್ಟು ಬಿದ್ದಳು. ಅವಳ ಬಾಯಿಗೆ ಸಕ್ಕರೆ ನೀರು ಹಾಕಿ, ನೀಲಮ್ಮ ಅವಳನ್ನು ಎತ್ತಿಕೊಂಡು ನನ್ನ ಹಿಂದೆ ಬಸ್ಸು ಹತ್ತಿದಳು.

ಸಭೆಯಲ್ಲಿ ತಲೆಯ ಮೇಲಿನ ಸೆರಗನ್ನು ಕಣ್ಣಿನವರೆಗೂ ಎಳೆದುಕೊಂಡು ನಿಂತಳು. “ನಿನ್ನಿ ನೀವು ಉಂಡ ರೊಟ್ಟಿ ನಂದಲ್ರಿ. ಅಕ್ಕೋರ ಹಿಟ್ಟು. ನಮ್ಮ ಓಣ್ಯಾಗ ಕೂಸುಗೋಳು ಹಸದ ಮಲಗತಾವ. ನಾನೂ.” ಆ ‘ನಾನೂ’ ಎಂಬುದನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಅಡುಗೆಮನೆ ಬಂತು. ಓಣಿಯವರೆಲ್ಲ ಉಂಡರು. ನೀಲಮ್ಮ ಗಂಗಿಯನ್ನು ಒಳಗೆ ಕಳಿಸಿ ಬಾಗಿಲಾಚೆಯೇ ನಿಲ್ಲುತ್ತಿದ್ದಳು. ನಾನು ಸುರಪುರಕ್ಕೆ ವರ್ಗವಾಗಿ ಹೋದ ವರ್ಷವೇ ತೀರಿಕೊಂಡಳಂತೆ. ಗಂಗಿ ಈಗ ಚಿಕ್ಕಮ್ಮನ ಮನೆಯಲ್ಲಿದ್ದಾಳೆ.

ಸುರಪುರಕ್ಕೆ ಹೊರಡುವ ಮುನ್ನ ಊಟದ ತಾಟು ಹಿಡಿದು ನೀಲಮ್ಮನ ಬಳಿಗೆ ಹೋಗಿದ್ದೆ. “ನೀನೂ ಉಣ್ಣಬೇ,” ಎಂದೆ. ಅವಳು ತಾಟನ್ನು ಮೆಲ್ಲಗೆ ನನ್ನತ್ತ ಸರಿಸಿದಳು.

“ಈ ಬಾಯಿಲೆ ಹಸದೀನಿ ಅಂತ ಊರ ಮುಂದ ಹೇಳೀನ್ರಿ ಅಕ್ಕೋರ. ಇನ್ನ ಯಾವ ಬಾಯಿಲೆ ಉಣ್ಣಲಿ?”

ಆ ಅಡುಗೆಮನೆಯಲ್ಲಿ ಇನ್ನೂ ಊಟ ಹಾಕುತ್ತಾರೆ. ಸಗರಕ್ಕೆ ಹೋದಾಗ ಒಳಗೆ ಕೂತು ಉಣ್ಣುತ್ತೇನೆ. ಬಾಗಿಲ ಕಡೆ ನೋಡಲು ಮಾತ್ರ ನನಗೆ ಧೈರ್ಯ ಬರುವುದಿಲ್ಲ.