ಹಿಂದಿನಿಂದ ಕರೆಯುವ ಟೀಚರು

ನಮ್ಮ ಕಡೆ ಹೊರಟವರನ್ನು ಹಿಂದಿನಿಂದ ಕರೆಯಬಾರದು, ಎಲ್ಲಿಗೆ ಎಂದೂ ಕೇಳಬಾರದು. ಹೋದ ಕೆಲಸ ಕೆಡುತ್ತದೆ ಎನ್ನುವುದು ಹಿರಿಯರ ಮಾತು. ನಮ್ಮೂರು ವಾಡಿಯಲ್ಲಿ ಈ ಮಾತನ್ನು ದಿನಕ್ಕೆ ಹತ್ತು ಸಲ ಮೀರುತ್ತಿದ್ದವರು ನಮ್ಮ ಸುಮಿತ್ರಾಬಾಯಿ ಟೀಚರು. ಶಾಲೆ ಬಿಟ್ಟು ಗೇಟು ದಾಟಿದ್ದೇ ತಡ, ನನ್ನ ಹಿಂದಿನಿಂದ ಅವರ ದನಿ ಬರುತ್ತಿತ್ತು.

"ಏ ಶರಣಿ, ನಿಂದ್ರು! ಎಲ್ಲಿ ಹೊಂಟಿ? ಸೀದಾ ಮನಿಗೇ ಹೋಗ್ತಿಯಿಲ್ಲೋ?"

ನಮ್ಮಜ್ಜಿಗೆ ಇದು ಕಂಡರಾಗುತ್ತಿರಲಿಲ್ಲ. "ಆಚಾರವಂತರ ಮನಿ ಹೆಣ್ಮಗಳು, ಇಷ್ಟೂ ತಿಳಿಯಂಗಿಲ್ಲೇನು ಆಕಿಗೆ?" ಎಂದು ಗೊಣಗುತ್ತಿದ್ದಳು.

ತೊಂಬತ್ತರ ದಶಕದ ನಡುವೆ, ನಾನು ಎಂಟನೆಯ ತರಗತಿಯಲ್ಲಿದ್ದಾಗಿನ ಮಾತು ಇದು. ಟೀಚರು ಸಮಾಜ ಕಲಿಸುತ್ತಿದ್ದರು. ಸಣಕಲು ಮೈ, ಬಿಗಿದ ತುಟಿ. ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಕೂತ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬರಿಗಾಲಲ್ಲಿ ಪಾಠ ಮಾಡುವರು. ನಕ್ಕಿದ್ದನ್ನು ನಾವು ನೋಡಿದ್ದು ಕಡಿಮೆ. ಗ್ರೀಕರು, ರೋಮನ್ನರು ಪುಸ್ತಕದಲ್ಲಿ ನಾಲ್ಕೇ ಪುಟ. ಅದನ್ನು ಒಂದೇ ದಿನದಲ್ಲಿ ಮುಗಿಸಿ, ಶನಿವಾರದ ಕೊನೆಯ ಪಿರಿಯಡ್ಡಿಗೆ ಆ ಗ್ರೀಕರ ಪಾತಾಳವನ್ನು ನಮ್ಮೂರಿಗೆ ತಂದರು.

ಕಥೆ ಟೀಚರು ತಾವೇ ಕಟ್ಟಿದ್ದು. ವಾಡಿಯ ಗಂಗಿ ಎಂಬ ಹದಿಮೂರರ ಹುಡುಗಿ, ಸತ್ತುಹೋದ ಅಣ್ಣನನ್ನು ವಾಪಸು ತರಲು ಪಕ್ಕದ ಶಹಾಬಾದಿನ, ಪಾಳುಬಿದ್ದು ನೀರು ತುಂಬಿದ ಕಲ್ಲಿನ ಖಣಿಯೊಳಗೆ ಇಳಿಯುತ್ತಾಳೆ. ನೀರಿನ ಕೆಳಗೆ ಮೆಟ್ಟಿಲು, ಮೆಟ್ಟಿಲ ಕೊನೆಗೆ ಕಪ್ಪು ಹೊಳೆ. ಹೊಳೆ ದಾಟಿಸುವ ಮುದುಕ ಅಂಬಿಗನಿಗೆ ಟೀಚರು ನಮ್ಮ ಸ್ಟೇಷನ್ನಿನ ಟಿಕೆಟ್ ಕಲೆಕ್ಟರನ ಕೋಟು ತೊಡಿಸಿದ್ದರು. ಆಚೆ ದಂಡೆಯಲ್ಲಿ ಮೂರು ತಲೆಯ ನಾಯಿ.

"ಗಂಗಿ ಏನ್ ಮಾಡಿದ್ಲು? ಒಂದೇ ಜ್ವಾಳದ ರೊಟ್ಟಿ ಒಗದ್ಲು. ಹೊಟ್ಟಿ ಒಂದೇ ಇದ್ರೂ ಬಾಯಿ ಮೂರು ನೋಡ್ರಿ, ಮೂರೂ ತಲಿ ಕಚ್ಚಾಡಾಕತ್ತವು. ಈಕಿ ನಡುವ ನುಸದು ಹ್ವಾದ್ಲು!"

ಪಾತಾಳದ ದೊರೆ ಅಣ್ಣನನ್ನು ಬಿಟ್ಟುಕೊಟ್ಟ, ಆದರೆ ಕರಾರು ಹಾಕಿದ. ಅಣ್ಣ ಹಿಂದೆ ಬರುತ್ತಾನೆ. ಮೇಲೆ ಬಿಸಿಲು ಮುಟ್ಟುವತನಕ ಗಂಗಿ ತಿರುಗಿ ನೋಡಬಾರದು, ಹೆಸರು ಹಿಡಿದು ಕರೆಯಬಾರದು. ಗಂಗಿ ಹತ್ತಿದಳು. ಹಿಂದೆ ಹೆಜ್ಜೆಯ ಸಪ್ಪಳವೇ ಇಲ್ಲ. ಏಳು ಮೆಟ್ಟಿಲು ಉಳಿದಾಗ ಟೀಚರು ಕಥೆ ನಿಲ್ಲಿಸಿದರು. ಮುಂದಿನ ಶನಿವಾರವೂ ಅಲ್ಲೇ ನಿಂತರು, ಅದರ ಮುಂದಿನ ಶನಿವಾರವೂ. ಕೇಳಿದರೆ ಒಂದೇ ಮಾತು: "ಮುಂದಿಂದು ನನಗೂ ಗೊತ್ತಿಲ್ಲ."

ಕಾರಣ ಹೇಳಿದವಳು ಶಾಲೆಯ ಆಯಾ ಮಲ್ಲಮ್ಮ. ಟೀಚರಿಗೆ ವೆಂಕಟೇಶ ಎಂಬ ಮಗನಿದ್ದನಂತೆ, ಒಬ್ಬನೇ. ಹತ್ತನೆಯ ತರಗತಿಯ ಹಾಲ್ ಟಿಕೆಟ್ ತರುತ್ತೇನೆಂದು ಹೊರಟವನ ಅಂಗಿಯೊಳಗೆ ಟವೆಲಿನ ತುದಿ ಕಂಡಿತ್ತು. ಖಣಿಗೆ ಈಜಲು ಹೊರಟಿದ್ದಾನೆಂದು ಟೀಚರಿಗೆ ತಿಳಿಯಿತು, ಬಾಗಿಲಿಗೆ ಓಡಿ ಬಂದರು. ಒಳಗಿಂದ ಅತ್ತೆ, "ಪರೀಕ್ಷಾದ ಕೆಲಸಕ್ಕ ಹೊಂಟಾನ, ಹಿಂದಿಂದ ಕರೀಬ್ಯಾಡ" ಎಂದರು. ಟೀಚರು ಬಾಯಿಗೆ ಸೆರಗು ಒತ್ತಿಕೊಂಡು ನಿಂತರು. ಸಂಜೆ ಊರವರು ಅವನನ್ನು ಖಣಿಯ ನೀರಿನಿಂದ ಎತ್ತಿ ತಂದರು.

ಇದನ್ನು ಕೇಳಿ ಸುಮ್ಮನಿರಬೇಕಿತ್ತು. ಹದಿಮೂರರ ಬುದ್ಧಿ, ಸುಮ್ಮನಿರಲಿಲ್ಲ. ಕಥೆಯ ಕೊನೆಯನ್ನು ನಾನೇ ಬರೆದೆ. ಗಂಗಿ ತಿರುಗುವುದೇ ಇಲ್ಲ, ಅಣ್ಣ ಮೇಲೆ ಬರುತ್ತಾನೆ, ಇಬ್ಬರೂ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಬಂದು ಅವ್ವನ ಕೈಯ ಊಟ ಮಾಡುತ್ತಾರೆ. ಟೀಚರು ಎರಡು ಸಲ ಓದಿದರು. ಕಾಗದವನ್ನು ನಾಲ್ಕಾಗಿ ಮಡಚಿದರು.

"ಅಕ್ಷರ ಛಂದ ಅದಾವ ಶರಣಿ. ಆದ್ರ ಸುಳ್ಳದ ಇದು" ಎಂದು ನನಗೇ ವಾಪಸು ಕೊಟ್ಟರು.

ಆಮೇಲಿನ ಶನಿವಾರಗಳಲ್ಲಿ ನಕ್ಷೆ ತುಂಬಿಸಿದರು. ಗಂಗಿಯ ಸುದ್ದಿಯೇ ಇಲ್ಲ. ಕಥೆಯನ್ನು ಕೊಂದವಳು ನಾನೇ ಎಂಬ ಪಾಪಭಾವ ನನ್ನನ್ನು ಬಹಳ ವರ್ಷ ಬಿಡಲಿಲ್ಲ. ನಾನೇ ಟೀಚರಾಗಿ ಮುಧೋಳದ ಶಾಲೆಯಲ್ಲಿ ನಿಂತಾಗಲೂ, ಗ್ರೀಕರ ಪಾಠ ಬಂದರೆ ಮಕ್ಕಳಿಂದಲೇ ಓದಿಸಿ ಮುಗಿಸುತ್ತಿದ್ದೆ.

ನಾನು ವಾಡಿಯ ಶಾಲೆ ಬಿಟ್ಟು ಹತ್ತು ವರ್ಷದ ಮೇಲೆ, ಸುಮಿತ್ರಾಬಾಯಿ ಟೀಚರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ವಾಡಿಗೆ ಹೋದೆ. ಸ್ಟೇಷನ್ ಹಿಂದೆ ಎರಡು ಕೋಣೆಯ ಹಳೆಯ ಮನೆ. ಟೀಚರು ಮಂಚದಲ್ಲಿ ಒಂದು ಹಿಡಿಯಷ್ಟಾಗಿದ್ದರು. "ಬಾ, ಕುಂದ್ರು" ಎಂದರು. ನೆರೆಮನೆಯವರು ತಂದ ಚಹಾ ಕುಡಿದು ಮುಗಿದ ಮೇಲೆ ನನಗೆ ಕೇಳದೆ ಇರಲಾಗಲಿಲ್ಲ.

"ಟೀಚರ್, ಗಂಗಿ ಇನ್ನೂ ಮೆಟ್ಟಲ ಮ್ಯಾಲೇ ನಿಂತಾಳೇನ್ರಿ?"

"ಇಲ್ಲವ್ವ. ಕರದ್ಲು."

"ಹೆಸರು ಹಿಡದು?"

"ಹೂಂ. ಏಳು ಮೆಟ್ಟಲ ಇದ್ದಾಗ. ತಡಕೊಳ್ಳಾಕ ಆಗ್ಲಿಲ್ಲ ಆಕಿಗೆ."

"ಅಣ್ಣ?"

ಟೀಚರು ಬಾಗಿಲ ಕಡೆ ನೋಡಿದರು. "ಓ ಅಂದ. ಒಂದೇ ಸಲ. ಓ ಅಂದು ಹ್ವಾದ" ಎಂದರು. "ಕರದ್ರೂ ಹೋಗವನೇ ಇದ್ನೋ ಏನೋ. ಆದ್ರ ದನಿ ಕೇಳಿದ್ಲಲ್ಲ ಆಕಿ. ಅಷ್ಟು ಸಾಕಾಗ್ತಿತ್ತು ಶರಣಿ."

ಅವರ ಕಾಲು ಮುಟ್ಟಿ ಹೊರಬಂದೆ. ಚಪ್ಪಲಿ ಮೆಟ್ಟಲು ಬೇಕಂತಲೇ ತಡಮಾಡಿದೆ. ಎಲ್ಲಿ ಹೊಂಟಿ ಎನ್ನುತ್ತಾರೆ, ಸೀದಾ ಮನೆಗೇ ಹೋಗು ಎನ್ನುತ್ತಾರೆ ಎಂದು ಅಂಗಳದ ಗೇಟಿನ ತನಕ ಕಿವಿ ಹಿಂದೆಯೇ ಇತ್ತು. ಕರೆ ಬರಲಿಲ್ಲ. ಅವರ ದನಿಗೆ ಅಷ್ಟು ದೂರ ಬರುವ ಶಕ್ತಿ ಉಳಿದಿರಲಿಲ್ಲವೇನೋ. ತಿರುಗಿ ನಿಂತು ನಾನೇ ಕರೆದೆ.

"ಟೀಚರ್!"

ಅದಾಗಿ ಎಂಟು ದಿನಕ್ಕೆ ಅವರು ತೀರಿಕೊಂಡರು. ಅವತ್ತು ಕರೆದೆನೇ ಹೊರತು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಗೇಟು ಹಿಡಿದು ಕಾದೆ. ಕತ್ತಲೆಯ ಆ ಕೋಣೆಯೊಳಗಿಂದ, ತಡವಾಗಿ, ಸಣ್ಣಗೆ, ಒಂದೇ ಸಲ "ಓ" ಎಂದರು.