ಗೀಜರ್ ಹೊತ್ತದ ಮುಂಜಾನೆ

“ಹೊಸಾ ಸಿಲಿಂಡರ್ ಜೋಡಿಸಿದ ಕೂಡ್ಲೇ ಗ್ಯಾಸ್ ಗೀಜರಿನ್ಯಾಗ ಬಿಸಿನೀರ ಬರ್ತಾವಂತ ತಿಳ್ಕೋಬ್ಯಾಡ್ರಿ ಅಕ್ಕಾರ. ಗ್ಯಾಸ್ ಪೂರಾ ತೀರಿತಂದ್ರ ಪೈಪಿನ್ಯಾಗ ಗಾಳಿ ಹೊಕ್ಕಿರತೈತಿ. ಮೊದಲ ಖಿಡಕಿ ತಗೀಬೇಕು. ಗ್ಯಾಸಿನ ವಾಸನಿ ಬಂದ್ರ ಅಲ್ಲಿಗೇ ಬಿಡಬೇಕು. ಇಲ್ಲಂದ್ರ ನಳಾ ತುಸು ತಿರುವೂದು. ಟಿಕ್ ಟಿಕ್ ಅಂತೈತಿ. ಹೊತ್ತಲಿಲ್ಲ? ಬಂದ ಮಾಡಿ, ಒಂದೀಟ ತಡದು, ಮತ್ತ ತಿರುವೂದು. ಹಂಗ ಮಾಡ್ತಾ ಮಾಡ್ತಾ ಗಾಳಿ ಹೋಗಿ ಗ್ಯಾಸ್ ಬರತೈತಿ. ನಾ ಏನ ಮಾಡ್ದೆ? ಪೂರಾ ನಳಾ ಬಿಟ್ಟ ನಿಂತೆ. ಮ್ಯಾಲಿನ ನೀರಿನ ಟಾಕಿ ಅರ್ಧಾ ಖಾಲಿ ಆತು, ಗೀಜರ್ ಹೊತ್ತಲಿಲ್ಲ. ಖಾನಾಪುರದಾಗ ನಮ್ಮ ತವರಮನ್ಯಾಗ ನೀರ ಕಾಸೂ ತಾಮ್ರದ ಬಂಬ ಇತ್ತು. ಉರಿ ಆರಿದ್ರ ಎರಡ ತೆಂಗಿನ ಪರಟಿ ಒಗದ್ರ ಸಾಕಿತ್ತು. ಇದಕ್ಕ ಸಮಾಧಾನ ಬೇಕು. ಆವತ್ತ ನನ್ನ ಕಡೆ ಅದೊಂದ ಇರಲಿಲ್ಲ.”

ಹೀಗೆ ನನಗೆ ಹೇಳಿದ ಕಾಂತಾ ನಮ್ಮ ಬಾಜೂ ಮನೆಯಾಕೆ. ಖಾನಾಪುರದಿಂದ ಬೆಳಗಾವಿಯ ಖಾಸಬಾಗಕ್ಕೆ ಸೊಸೆಯಾಗಿ ಬಂದವಳಿಗೆ ಈಗ ಅರವತ್ತು ದಾಟಿದೆ. ಅತ್ತೆ ಬಸವಣ್ಣೆವ್ವನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಕಾಂತಾ ಇನ್ಸುಲಿನ್ ಸೂಜಿ ಚುಚ್ಚಿ, ಕೂಡಲೇ ಸ್ನಾನ ಮಾಡಿಸುತ್ತಾಳೆ. ಲಿಂಗಪೂಜೆ ಮುಗಿಸಿ ಅತ್ತೆ ತಿನ್ನಲು ಕೂರುವಾಗ ಸೂಜಿಗೂ ತಿಂಡಿಗೂ ಹೊತ್ತು ಸರಿಹೋಗುತ್ತದೆ. ಸ್ನಾನ ಮಾಡಿ ಪೂಜೆಯಾಗದೆ ಆ ಮುದುಕಿ ಹನಿ ನೀರೂ ಬಾಯಿಗೆ ಹಾಕಿದವಳಲ್ಲ.

ಆ ದಿನ ಸೂಜಿ ಚುಚ್ಚಿಯಾಗಿತ್ತು, ಅತ್ತೆ ಬಚ್ಚಲ ಮಣೆಯ ಮೇಲೆ ಕೂತಾಗಿತ್ತು. ಆಗಲೇ ಗೀಜರಿನ ಗ್ಯಾಸ್ ತೀರಿತು. ಸಿಲಿಂಡರ್ ಎಳೆದಾಡುವ ಸದ್ದು ಕೇಳಿ ನಾನು ಹೋದೆ. ಹೊಸದು ಜೋಡಿಸಿದರೂ ನಳದಲ್ಲಿ ತಣ್ಣೀರೇ. ಅಡುಗೆಮನೆಯ ಒಲೆಯ ಮೇಲೆ ಆಗಷ್ಟೇ ಇಟ್ಟ ಪಾತೇಲಿಯ ನೀರು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಸೂಜಿ ಹಾಕಿಸಿಕೊಂಡವರು ಹೊತ್ತಿಗೆ ತಿನ್ನದಿದ್ದರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ. ಅದು ಕಾಂತಾಗೂ ಗೊತ್ತು, ನನಗೂ ಗೊತ್ತು.

“ಅತ್ತಿ, ಒಂಚೂರ ಸಕ್ಕರಿ ಬಾಯಾಗ ಹಾಕೋರಿ.”

“ಪೂಜಿ ಆಗದನ? ತಣ್ಣೀರ ಹಾಕ.”

“ಹ್ವಾದ ವರ್ಷ ತಣ್ಣೀರ ಹಾಕ್ಕೊಂಡ ದವಾಖಾನ್ಯಾಗ ಮಲಗಿದ್ದು ಮರತ್ರೇನು?”

ಅತ್ತೆಯ ಹಣೆ ಬೆವೆತಿತ್ತು, ಕೈ ನಡುಗುತ್ತಿತ್ತು. ಕಾಂತಾ ಮತ್ತೆ ನಳ ತಿರುವಿದಳು. ತಣ್ಣೀರು. ಒದ್ದೆ ನೆಲದ ಮೇಲೇ ಕುಸಿದು ಕೂತಳು. “ನನ್ನ ಕಡಿಂದ ಇನ್ನ ಆಗೂದಿಲ್ಲರೀ.”

ಮುದುಕಿ ಸೊಸೆಯ ಮುಖ ನೋಡಿದಳು. “ಗ್ಯಾಸ್ ತೀರಿದ್ದು ಗೀಜರಿಂದೋ, ನಿಂದೋ?” ಎಂದಳು. ನಗಲು ಯಾರಿಗೂ ಆಗಲಿಲ್ಲ. “ಏಳ. ನನ್ನ ಕೈಕಾಲ ಮಾರಿ ತೊಳಿ. ವಿಭೂತಿ ಹಚ್ಕೊಂಡು ಲಿಂಗಕ್ಕ ಕೈ ಮುಗೀತೀನಿ. ಇವತ್ತಿನ ಪೂಜಿ ಅಷ್ಟ. ಸಕ್ಕರಿ ನೀರ ತಾ.”

ಅಷ್ಟು ಪೂಜೆಯಾದ ಕೂಡಲೇ ನಾನು ಸಕ್ಕರೆ ನೀರಿನ ಲೋಟ ಹಿಡಿದೆ, ಕಾಂತಾ ಕುಡಿಸಿದಳು. ಆಮೇಲೆ ಉಪ್ಪಿಟ್ಟು ತಿನ್ನಿಸಿದಳು. ಸ್ವಲ್ಪ ಹೊತ್ತಿಗೆ ಕೈನಡುಕ ನಿಂತಿತು.

ಕಾಂತಾ ಬಚ್ಚಲಿಗೆ ಹೋಗಿ ನಳ ತುಸು ತಿರುವಿದಳು, ನಿಲ್ಲಿಸಿದಳು, ಮತ್ತೆ ತಿರುವಿದಳು. ಗೀಜರ್ ಭುಸ್ಸೆಂದು ಹೊತ್ತಿತು.

“ಈಗ ಹೊತ್ತಿದಿ ನೋಡ” ಎಂದು ಗೀಜರಿಗೇ ಬೈದಳು. ಅತ್ತೆಯ ಸ್ನಾನದ ಹೊತ್ತು ಮುಗಿದಿತ್ತು; ಬಿಸಿನೀರು ದಂಡವಾಗಬಾರದೆಂದು ಬಕೀಟು ತುಂಬಿಸಿ, ಸೋಪಿನ ಪುಡಿ ಹಾಕಿ, ಅತ್ತೆಯ ಹಾಸಿಗೆಯ ಚಾದರ ನೆನೆಸಿ ತಿಕ್ಕತೊಡಗಿದಳು.